ಇಟಾರ್ಸಿಯ ನಲ್ಲಿ ನೀರು

ಪ್ರೀತಿಯ ಕೂಸೇ,

ನೀನು, ನಿನ್ನ ಗಂಡ ಹೊರಟಿರುವ ಉತ್ತರದ ರೈಲು ಪ್ರವಾಸದ್ದು ಅಂತ ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. 28 ದಿನ, 14 ಊರು, ಇಬ್ಬರಿಗೆ 80,000 ರೂಪಾಯಿ. ಫೋನಿನಲ್ಲಿ ಅಕ್ಷರ ಸಣ್ಣದು ಅಂತ ಪೇಟೆಗೆ ಹೋದಾಗ ಪ್ರಿಂಟ್ ತೆಗೆಸಿಕೊಂಡು ಬಂದೆ. 30 ವರ್ಷ ಶಾಲೆಯಲ್ಲಿ ಅಕ್ಕೋರಾಗಿದ್ದ ಕೈ ಸುಮ್ನೆ ಇರುತ್ತದಾ, ಕೆಂಪು ಪೆನ್ನು ಹುಡುಕಿತು. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣ ಅಂದರೆ ಇಲ್ಲಿ ಮಳೆ ಬಿಟ್ಟಿಲ್ಲ, ಅರ್ಧ ಮಾತು ನೆಟ್‌ವರ್ಕ್ ನುಂಗುತ್ತದೆ. ಅದಕ್ಕೇ ಪತ್ರ. ತೋಟಕ್ಕೆ ಎರಡನೇ ಸಲ ಮದ್ದು ಹೊಡೆಸಿ ಆಯಿತು, ಚೌತಿಗೆ ಎಲ್ಲ ಸೇರಿ ಚಕ್ಕುಲಿ ಮಾಡುವ ಕಂಬಳಕ್ಕೆ ಇನ್ನೂ ನಾಲ್ಕು ದಿನ ಇದೆ. ನನಗೂ ಪುರಸೊತ್ತು.

ಮೊದಲು ಊರಿನ ಲೆಕ್ಕ. 28 ದಿನಕ್ಕೆ 14 ಊರು ಅಂದರೆ ಒಂದು ಊರಿಗೆ ಎರಡು ದಿನ. ಅದರಲ್ಲಿ ಒಂದು ದಿನ ರೈಲಿನಲ್ಲಿ, ಅರ್ಧ ದಿನ ರೂಮು ಹುಡುಕುವುದರಲ್ಲಿ. ಉಳಿದ ಅರ್ಧ ದಿನದಲ್ಲಿ ಜೋಧಪುರ ನೋಡುತ್ತೀರಾ, ಬಟ್ಟೆ ಒಗೆಯುತ್ತೀರಾ? ಖರ್ಚು ಜಾಸ್ತಿ ಆಗುವುದು ಊರಿನಲ್ಲಿ ಇದ್ದಾಗ ಅಲ್ಲ, ಊರು ಬಿಟ್ಟು ಊರಿಗೆ ಹೋಗುವಾಗ. ಟಿಕೆಟ್ಟು, ಆಟೋ, ಸ್ಟೇಷನ್ನಿನ ಹೊರಗೆ ಹಸಿವಾಗಿ ಸಿಕ್ಕಿದ ಹೋಟೆಲಿಗೆ ನುಗ್ಗುವುದು, ಎಲ್ಲ ಆಗಲೇ. ಅದಕ್ಕೆ ಏಳು ಊರು ಹೊಡೆದುಹಾಕಿದ್ದೇನೆ. ಶಿಮ್ಲಾ, ಮನಾಲಿ, ಲೇಹ್ ಮೂರೂ ಹೋದವು. ಲೇಹ್ 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇಳಿದ ಮೇಲೆ ಮೊದಲ ಎರಡು ದಿನ ಮಲಗಿಯೇ ಇರಬೇಕು, ಇಲ್ಲದಿದ್ದರೆ ತಲೆನೋವು, ವಾಂತಿ. ನಿನ್ನ ಪಟ್ಟಿಯಲ್ಲಿ ಅದಕ್ಕೆ ಇಟ್ಟಿದ್ದೇ ಎರಡು ದಿನ! ಜೈಪುರ, ಜೈಸಲ್ಮೇರ್ ತೆಗೆದು ಜೋಧಪುರ ಒಂದೇ ಇಟ್ಟೆ. ಗುವಾಹಟಿ, ಶಿಲ್ಲಾಂಗ್ ಇನ್ನೊಂದು ವರ್ಷಕ್ಕೆ. ಡಾರ್ಜಿಲಿಂಗ್ ಮೇಲೂ ಪೆನ್ನು ಇಟ್ಟಿದ್ದೆ, ಎಳೆಯಲು ಮನಸ್ಸು ಬರಲಿಲ್ಲ. ಎರಡಡಿ ಅಗಲದ ಹಳಿಯ ಮೇಲೆ ಬೀದಿಯ ಅಂಗಡಿಗಳಿಗೆ ತಾಗಿಕೊಂಡೇ ಹೋಗುವ ರೈಲು ಅದು. ಹತ್ತುವುದು ದುಬಾರಿ. ಸಿಲಿಗುರಿಯಿಂದ ಶೇರ್ ಜೀಪಿನಲ್ಲಿ ಹೋಗಿ, ರೈಲನ್ನು ರಸ್ತೆ ಬದಿ ನಿಂತು ನೋಡಿ.

ಉಳಿದದ್ದು ದಿಲ್ಲಿ, ಅಮೃತಸರ, ಜೋಧಪುರ, ಆಗ್ರಾ, ಕಾಶಿ, ಡಾರ್ಜಿಲಿಂಗ್, ಪುರಿ. ಏಳು. ಕೋಲ್ಕತ್ತಾ ದಾರಿಯಲ್ಲಿ ಹೇಗೂ ಸಿಗುತ್ತದೆ, ಒಂದು ದಿನ ಟ್ರಾಮು ಹತ್ತಿ ಇಳಿಯಿರಿ.

ಈಗ ಪಂಚಾಂಗ ತೆಗೆ. ನಗಬೇಡ. ದೀಪಾವಳಿಯ ದೊಡ್ಡಹಬ್ಬ ಮುಗಿಸಿ ಮೂರನೇ ದಿನ ಹೊರಡುತ್ತೀರಿ, ಸರಿ. ಆದರೆ ದೀಪಾವಳಿ ಆಗಿ ಆರನೇ ದಿನ ಬಿಹಾರದವರ ಛಠ್ ಹಬ್ಬ. ಊರು ಬಿಟ್ಟು ದುಡಿಯಲು ಹೋದವರೆಲ್ಲ ಆಗ ಮನೆಗೆ ಹೊರಡುತ್ತಾರೆ. ದಿಲ್ಲಿಯಿಂದ, ಮುಂಬೈಯಿಂದ ಆ ಕಡೆ ಹೋಗುವ ಗಾಡಿಯಲ್ಲಿ ಕಾಲು ಊರಲು ಜಾಗ ಇರುವುದಿಲ್ಲ. ನೀವು ಕಾಶಿಯನ್ನು ಮೊದಲ ವಾರಕ್ಕೇ ಹಾಕಿದ್ದೀರಿ. ಅದಾದ ಮೇಲೆ ಕಾರ್ತಿಕ ಹುಣ್ಣಿಮೆ. ಅವತ್ತು ಕಾಶಿಯಲ್ಲಿ ದೇವದೀಪಾವಳಿ, ಘಾಟಿನ ತುಂಬ ದೀಪ, ರೂಮಿನ ಬೆಲೆ ಆಕಾಶಕ್ಕೆ. ಅದೇ ಹುಣ್ಣಿಮೆಗೆ ರಾಜಸ್ಥಾನದಲ್ಲಿ ಪುಷ್ಕರದ ಜಾತ್ರೆ. ಅದೇ ಹುಣ್ಣಿಮೆಗೆ ಗುರು ನಾನಕ್ ಜಯಂತಿ, ಅಮೃತಸರ ತುಂಬಿ ತುಳುಕುತ್ತದೆ. ಅದೇ ಹುಣ್ಣಿಮೆಗೆ ಒಡಿಶಾದವರು ನಸುಕಿನಲ್ಲಿ ಎದ್ದು ಬಾಳೆದಿಂಡಿನ ದೋಣಿ ಮಾಡಿ ನೀರಿಗೆ ಬಿಡುತ್ತಾರೆ. ಚಂದ್ರ ಒಬ್ಬನೇ, ಜಾತ್ರೆ ನಾಲ್ಕು ಕಡೆ. ದುಡ್ಡಿದ್ದವರು ಆ ದಿನ ಹುಡುಕಿಕೊಂಡು ಹೋಗುತ್ತಾರೆ. ನಮ್ಮಂಥವರು ತಪ್ಪಿಸಿಕೊಂಡು ತಿರುಗಬೇಕು.

ಹಾಗಾಗಿ ಹೀಗೆ ಮಾಡಿ. ದಿಲ್ಲಿಯಲ್ಲಿ ಇಳಿದವರು ನಿಲ್ಲದೆ ಅಮೃತಸರ, ಅಲ್ಲಿಂದ ಜೋಧಪುರ. ಹುಣ್ಣಿಮೆ ಹೊತ್ತಿಗೆ ದಿಲ್ಲಿಗೆ ವಾಪಸ್ಸು ಬನ್ನಿ. ದಿಲ್ಲಿಗೆ ಹುಣ್ಣಿಮೆ ಅಮಾವಾಸ್ಯೆ ಎರಡೂ ಒಂದೇ. ಆ ತಿಂಗಳು ಅಲ್ಲಿ ಹೊಗೆ, ಎರಡು ದಿನ ಸಾಕು. ಆಗ್ರಾಕ್ಕೆ ಶುಕ್ರವಾರ ಹೋಗಬೇಡಿ, ತಾಜಮಹಲಿಗೆ ಅವತ್ತು ಬಾಗಿಲು ಹಾಕಿರುತ್ತಾರೆ. ಹುಣ್ಣಿಮೆ ಕಳೆದ ಮೇಲೆ ಕಾಶಿ. ನಾಲ್ಕು ದಿನ ಕೊಡು ಅದಕ್ಕೆ, ನನ್ನ ಮಾತು ಕೇಳು. ಆಮೇಲೆ ಡಾರ್ಜಿಲಿಂಗ್, ಕೋಲ್ಕತ್ತಾ, ಪುರಿ.

ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ, ಮುಂಚಿನ 120 ದಿನ ಈಗ ಇಲ್ಲ. ಚೌತಿಯಿಂದ ದೊಡ್ಡಹಬ್ಬಕ್ಕೆ ಹೆಚ್ಚುಕಡಿಮೆ 56 ದಿನ. ಅಂದರೆ ಚೌತಿಯ ಆಸುಪಾಸಿನಲ್ಲೇ ನಿಮ್ಮ ಮೊದಲ ಟಿಕೆಟ್ಟು ಸಿಗುವುದು. ಗಣಪತಿ ಕೂರಿಸುವ ಗಡಿಬಿಡಿಯಲ್ಲಿ ಮರೆಯಬೇಡ. ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂರು, ಪಂಚಕಜ್ಜಾಯ ಆಮೇಲೆ. ವೇಟಿಂಗ್ ಲಿಸ್ಟ್ ನಂಬಿ ಗಾಡಿ ಹತ್ತಬೇಡಿ. ಈಗ ರಿಸರ್ವೇಶನ್ ಬೋಗಿಗೆ ಆ ಟಿಕೆಟ್ಟಿನವರನ್ನು ಬಿಡುವುದಿಲ್ಲ. ಆರ್‌ಎಸಿ ಬಂದರೆ ಇಬ್ಬರಿಗೆ ಸೈಡಿನ ಒಂದೇ ಬರ್ತು. ಹೊಸ ಜೋಡಿಗೆ ಒಳ್ಳೆಯದೇ ಆಯಿತಲ್ಲ ಅಂತ ನಿನ್ನ ಗಂಡ ಅನ್ನಬಹುದು. ಬೆಳಗಿನ ಜಾವ ಮೂರಕ್ಕೆ ಯಾರ ಮಂಡಿ ಯಾರಿಗೆ ತಾಗಿತು ಅಂತ ಜಗಳ ಬಿದ್ದಾಗ ಗೊತ್ತಾಗುತ್ತದೆ.

ರೂಮಿನ ಬಾಡಿಗೆ ಉಳಿಸಲು ರಾತ್ರಿ ರೈಲು ಒಳ್ಳೆಯ ಉಪಾಯ. ಆದರೆ ಸಾಲಾಗಿ ಎರಡು ರಾತ್ರಿ ಬೇಡ. ನಿನ್ನ ಪಟ್ಟಿಯಲ್ಲಿ ಒಂದು ಕಡೆ ಮೂರು ರಾತ್ರಿ ಸಾಲಾಗಿ ಇತ್ತು, ಅದಕ್ಕೆ ಎರಡು ಗೆರೆ ಎಳೆದಿದ್ದೇನೆ. ನಿದ್ದೆ ಕೆಟ್ಟವರು ದುಡ್ಡು ಹೇಗೆ ಖರ್ಚು ಮಾಡುತ್ತಾರೆ ಗೊತ್ತಾ? ಯಾರೋ ಹೇಳಿದ ಟ್ಯಾಕ್ಸಿ ಹತ್ತುತ್ತಾರೆ, ಕೇಳಿದಷ್ಟು ಕೊಡುತ್ತಾರೆ. ಇನ್ನೊಂದು, ಸ್ಲೀಪರಿನಲ್ಲಿ ಹೊದಿಕೆ ಕೊಡುವುದಿಲ್ಲ. ನಮ್ಮ ಕಡೆಯ ಚಳಿ ಅಂದುಕೊಂಡು ಒಂದು ಶಾಲು ಹಿಡಿದು ಹೋದರೆ ಪಂಜಾಬಿನಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಮಾವನ ಹಳೆ ಕಂಬಳಿ ಇದೆ, ಕಳಿಸುತ್ತೇನೆ. ಅದು ಬೇಡ ಅಂದರೆ ಉತ್ತರದ ಎರಡು ರಾತ್ರಿ ಎಸಿ ಥ್ರೀ ಟಯರ್ ಮಾಡಿ, ಹಾಸಿಗೆ ಹೊದಿಕೆ ಅವರೇ ಕೊಡುತ್ತಾರೆ.

ಇಷ್ಟೆಲ್ಲ ಯಾರಾದರೂ ಹೇಳುತ್ತಾರೆ. ನಾನು ಪೆನ್ನು ಹಿಡಿದದ್ದು ಬೇರೆ ವಿಷಯಕ್ಕೆ. ಪಟ್ಟಿಯ ಕೊನೆಯಲ್ಲಿ ‘ದುಡ್ಡು, ಟಿಕೆಟ್ಟು, ಲೆಕ್ಕ: ಇವರ ಹತ್ತಿರ’ ಅಂತ ಬರೆದಿದ್ದೀಯ. ಅದನ್ನು ಓದಿ ಮಧ್ಯಪ್ರದೇಶದ ಇಟಾರ್ಸಿ ಸ್ಟೇಷನ್ನು ನೆನಪಾಯಿತು.

1986ರ ದಸರಾ ರಜೆ. ಮದುವೆಯಾಗಿ ಎರಡು ವರ್ಷ. ನಾನು, ನಿನ್ನ ಮಾವ ಕಾಶಿಗೆ ಹೊರಟೆವು. ಆಗ ನಮ್ಮ ಜಿಲ್ಲೆಯ ಕರಾವಳಿಯಲ್ಲಿ ರೈಲೇ ಇರಲಿಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಶಿರಸಿಗಂತೂ ಇವತ್ತಿಗೂ ಇಲ್ಲ ಬಿಡು. ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಮೀಟರ್‌ಗೇಜ್ ಗಾಡಿ, ಮಿರಜಿನಲ್ಲಿ ಇಳಿದು ಟ್ರಂಕು ಹೊತ್ತು ಬ್ರಾಡ್‌ಗೇಜಿಗೆ, ಮುಂಬೈಯಲ್ಲಿ ಮತ್ತೊಂದು. ದುಡ್ಡು ಪೂರ್ತಿ ಮಾವನ ಬನಿಯನ್ನಿನ ಒಳಜೇಬಿನಲ್ಲಿ. ನನ್ನ ಸಂಬಳವೂ ಅದರಲ್ಲೇ. ಟಿಕೆಟ್ಟೂ ಅಲ್ಲೇ. ಚಹಾ ಬೇಕಾದರೂ ನಾನು ‘ಸ್ವಲ್ಪ ಚಿಲ್ಲರೆ ಕೊಡಿ’ ಅನ್ನಬೇಕು. ಅವರು ಜಿಪುಣರಲ್ಲ, ಕೇಳಿದರೆ ಕೊಡುತ್ತಿದ್ದರು. ಕೇಳಬೇಕಿತ್ತು, ಅಷ್ಟೇ.

ಇಟಾರ್ಸಿಯಲ್ಲಿ ತಂಬಿಗೆ ಹಿಡಿದು ನೀರಿಗೆ ಇಳಿದರು. ನಲ್ಲಿಯ ಮುಂದೆ ಜನವೋ ಜನ. ಗಾಡಿ ಹೊರಟಿತು. ಇವರು ಬರಲಿಲ್ಲ. ಕಿಟಕಿಯಿಂದ ನೋಡಿದರೆ ಪ್ಲಾಟ್‌ಫಾರ್ಮಿನಲ್ಲೂ ಇಲ್ಲ. ಸ್ವಲ್ಪ ಹೊತ್ತಿಗೆ ಟಿಸಿ ಬಂದ. ನನ್ನ ಹತ್ತಿರ ಟಿಕೆಟ್ಟಿಲ್ಲ, ನಾಲ್ಕಾಣೆ ಇಲ್ಲ, ನೆಟ್ಟಗೆ ಹಿಂದಿಯೂ ಇಲ್ಲ. ಶಾಲೆಯಲ್ಲಿ ಮಕ್ಕಳಿಗೆ ದೇಶದ ನಕಾಶೆ ಬರೆಸುವ ಅಕ್ಕೋರು, ನಕಾಶೆಯ ನಡುಮಧ್ಯ ಕೈಕಟ್ಟಿ ಕೂತಿದ್ದೆ. ಆ ಟಿಸಿ ಒಳ್ಳೆಯವನು. ‘ಬೈಠಿಯೇ ಬಹನ್‌ಜೀ’ ಅಂದು ಮುಂದೆ ಹೋದ. ಎದುರು ಕೂತಿದ್ದ ಮುದುಕಿ ಎರಡು ಪೂರಿ ಕೈಗಿಟ್ಟಳು. ಒಂದು ತಾಸಿನ ಮೇಲೆ ಪಿಪರಿಯಾ ಬಂತು. ಮಾವ ಮುಂದಿನ ಜನರಲ್ ಬೋಗಿಯಿಂದ ಓಡಿ ಬಂದರು, ಕೈಯಲ್ಲಿ ತುಂಬಿದ ತಂಬಿಗೆ, ಒಂದು ಹನಿ ಚೆಲ್ಲಿರಲಿಲ್ಲ. ನಾನು ಆ ನೀರು ಕುಡಿಯಲಿಲ್ಲ.

ಜಬಲ್‌ಪುರ ಬರುವುದರೊಳಗೆ ಅರ್ಧ ದುಡ್ಡು, ನನ್ನ ಟಿಕೆಟ್ಟು ನನ್ನ ಚೀಲಕ್ಕೆ ಬಂದವು.

ಅದಕ್ಕೇ ಹೇಳುವುದು. ದುಡ್ಡು ಎರಡು ಪಾಲು ಮಾಡಿ. ಟಿಕೆಟ್ಟು ಇಬ್ಬರ ಫೋನಿನಲ್ಲೂ ಇರಲಿ, ಒಂದೊಂದು ಪ್ರಿಂಟೂ ಇರಲಿ. ಯುಪಿಐ ಇದೆಯಲ್ಲ ಅತ್ತೆ ಅನ್ನುತ್ತೀಯ. ಡಾರ್ಜಿಲಿಂಗ್ ಗುಡ್ಡದಲ್ಲಿ ಸಿಗ್ನಲ್ ಹೋದಾಗ, ಚಾರ್ಜು ಮುಗಿದಾಗ ಏನು ಮಾಡುತ್ತೀಯ? ಇಬ್ಬರ ಹತ್ತಿರವೂ ಎರಡೆರಡು ಸಾವಿರ ರೂಪಾಯಿ ನಗದು ಇರಲಿ, ಒಂದೇ ಚೀಲದಲ್ಲಿ ಬೇಡ. ಆಧಾರ್ ಇಬ್ಬರದ್ದೂ ಬೇಕು. ನಿನ್ನದರಲ್ಲಿ ಇನ್ನೂ ತವರುಮನೆ ವಿಳಾಸವೇ ಇದೆ, ಲಾಡ್ಜಿನವರು ಕೇಳಿದರೆ ತೋರಿಸಲು ಮದುವೆ ರಿಜಿಸ್ಟರ್ ಮಾಡಿಸಿದ್ದರ ಪ್ರತಿ ಇಟ್ಟುಕೋ.

ಇನ್ನೂ ಒಂದು. ಒಟ್ಟು ದುಡ್ಡಿನಲ್ಲಿ ತಲಾ ಎರಡು ಸಾವಿರ ಬೇರೆ ತೆಗೆದಿಡಿ. ಅದರ ಲೆಕ್ಕ ಒಬ್ಬರು ಇನ್ನೊಬ್ಬರನ್ನು ಕೇಳಬಾರದು. ಕಾಶಿಯ ಗಲ್ಲಿಯೊಂದರಲ್ಲಿ ಬಣ್ಣದ ಅರಗು ಹಚ್ಚಿದ ಮರದ ಆಟಿಕೆ ನೋಡಿದ್ದೆ. ಬಾಜಾ ಬಜಂತ್ರಿಯವರ ಸಣ್ಣ ಮೇಳ, ಹೆಬ್ಬೆರಳಿನಷ್ಟು ಎತ್ತರ. 8 ರೂಪಾಯಿ. ಮಾವ ಅಂದರು, ‘ಮರ ಕೆತ್ತುವ ಗುಡಿಗಾರರ ಊರಿನಿಂದ ಬಂದು ಇಲ್ಲಿ ಮರದ ಗೊಂಬೆ ಕೊಳ್ಳುತ್ತಾರಾ?’ ಮಾತು ಸರಿಯೇ. ದುಡ್ಡು ನನ್ನ ಚೀಲದಲ್ಲೂ ಇತ್ತು. ಆದರೂ ಕೊಳ್ಳಲಿಲ್ಲ. ಆ ಪ್ರವಾಸಕ್ಕೆ ಒಟ್ಟು ಎಷ್ಟು ಖರ್ಚಾಯಿತು ಅಂತ ಮರೆತಿದ್ದೇನೆ, ಉಳಿಸಿದ 8 ರೂಪಾಯಿ ಮಾತ್ರ ಮರೆತಿಲ್ಲ.

ಊಟ, ವಸತಿ. ಅಮೃತಸರದಲ್ಲಿ ಗುರುದ್ವಾರದ ನಿವಾಸದಲ್ಲೇ ಇರಬಹುದು, ಲಂಗರಿನಲ್ಲಿ ಹಗಲೂ ರಾತ್ರಿ ಊಟ. ತಲೆಗೆ ಬಟ್ಟೆ ಇಬ್ಬರಿಗೂ ಬೇಕು. ರೊಟ್ಟಿಯನ್ನು ಎರಡೂ ಕೈ ಚಾಚಿ ಪ್ರಸಾದದ ಹಾಗೆ ತೆಗೆದುಕೊಳ್ಳಬೇಕು. ಪುಕ್ಕಟೆ ಅಂತ ಉಂಡು ಎದ್ದು ಬರಬೇಡಿ, ಒಂದು ತಾಸು ಪಾತ್ರೆ ತೊಳೆಯಲು ನಿಲ್ಲಿ. ಅಳಿಯನಿಗೆ ಮನೆಯಲ್ಲಿ ಅಭ್ಯಾಸ ಇಲ್ಲದಿದ್ದರೆ ಅಲ್ಲೇ ಆಗಲಿ. ಕಾಶಿಯಲ್ಲಿ ಜಂಗಮವಾಡಿ ಮಠದ ಕಡೆ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ, ಹತ್ತು ದಿನದ ಹಿಂದಿ ಆದ ಮೇಲೆ ಅದೂ ಒಂದು ಊಟವೇ. ಅಗ್ಗ ಅಂತ ದಿನಾ ಡಾರ್ಮಿಟರಿ ಮಾಡಬೇಡಿ. ಗಂಡಸರು ಆ ಕಡೆ, ಹೆಂಗಸರು ಈ ಕಡೆ ಅಂತ ಮಲಗಿಕೊಂಡು ಯಾರ ಜೊತೆ ಪ್ರವಾಸ ಮಾಡಿದ ಹಾಗಾಯಿತು? ಮೂರು ದಿನಕ್ಕೊಮ್ಮೆಯಾದರೂ ಬಾಗಿಲು ಹಾಕಿಕೊಳ್ಳುವ ರೂಮು ಇರಲಿ, ಬಿಸಿನೀರು ಇರಲಿ.

ನಾಲ್ಕು ದಿನ ರೊಟ್ಟಿ ತಿಂದರೆ ನಮ್ಮ ಹೊಟ್ಟೆ ಅನ್ನ ಅನ್ನ ಅನ್ನುತ್ತದೆ. ಪುರಿಗೆ ಹೋದಾಗ ಆನಂದ ಬಜಾರಿನಲ್ಲಿ ಮಹಾಪ್ರಸಾದ ತೆಗೆದುಕೊಳ್ಳಿ. ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಅನ್ನ, ಬೇಳೆ. ಯಾರ ಪಕ್ಕ ಯಾರು ಕೂತರು ಅಂತ ಅಲ್ಲಿ ಕೇಳುವುದಿಲ್ಲ. ಬಂಗಾಳದಲ್ಲಿ ‘ನಿರಾಮಿಷ್’ ಅನ್ನು, ಶಾಕಾಹಾರ ಅಂತ ತಿಳಿಯುತ್ತದೆ. ಸಾಸಿವೆ ಎಣ್ಣೆಯ ವಾಸನೆಗೆ ಮೂಗು ಮುರಿಯಬೇಡ. ನಮ್ಮ ಅಪ್ಪೆಮಿಡಿ ಸೊನೆಯ ಘಾಟಿಗೆ ಅವರೂ ಮುರಿಯಬಹುದಲ್ವಾ. ಅಪ್ಪೆಮಿಡಿ ಒಂದು ಬಾಟಲಿ, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಡುತ್ತೇನೆ. ತೊಡೆದೇವು ಬೇಡ, ಚೀಲದಲ್ಲಿ ಪುಡಿ ಆಗುತ್ತದೆ. ಮತ್ತೆ, ರೈಲಿನ ಸಂಡಾಸಿಗೆ ಹೆದರಿ ನೀರು ಕುಡಿಯದೆ ಕೂರಬೇಡ. ನಾನು ಹಾಗೆ ಮಾಡಿ ಕಾಶಿಯಲ್ಲಿ ಎರಡು ದಿನ ಉರಿಮೂತ್ರದಲ್ಲಿ ಒದ್ದಾಡಿದ್ದೇನೆ.

ವಾಪಸ್ಸು ಬರುವಾಗ ಪುರಿ ಹತ್ತಿರದ ಖುರ್ದಾ ರೋಡ್ ಸ್ಟೇಷನ್ನಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಹುಬ್ಬಳ್ಳಿಗೇ ಬರುತ್ತದೆ. ದಿನಾ ಇಲ್ಲ, ವಾರ ನೋಡಿಕೋ. ಕಾರವಾರದ ಮನೆಗೆ ಆಮೇಲೆ ಹೋದರಾಯಿತು, ಮೊದಲು ಇಲ್ಲಿ ಬಂದು ಎರಡು ದಿನ ಮಲಗಿ.

ಹೋಗುವಾಗ ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತುತ್ತೀರಲ್ಲ, ಅದೂ ಇಟಾರ್ಸಿ ಮೇಲೆಯೇ ಹೋಗುತ್ತದೆ. ಬಂದಾಗ ಒಂದು ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಇದನ್ನೆಲ್ಲ ಓದಿ ಹೇಳಿದೆ, ಮಾವ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, ‘ಆ ಗೊಂಬೆ 8 ಅಲ್ಲ, 12 ರೂಪಾಯಿ ಹೇಳಿದ್ದ.’ ಅವರೂ ಮರೆತಿಲ್ಲ ನೋಡು.

ನಿನ್ನ ಅತ್ತೆ