ಕಣದ ಚಪ್ಪಡಿಗೆ ತಂತಿ ಜಾಲರಿಯ ಬದಲು ನಾರು: ನಮ್ಮ ಗ್ರಾಹಕರಿಗೆ ಪತ್ರ

ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಕಾಫಿ ಒಣಗಿಸುವ ಕಣಕ್ಕೆಂದು ನಾವು ಎರಕ ಹೊಯ್ಯುವ ಚಪ್ಪಡಿಗಳಲ್ಲಿ ಇನ್ನು ಮುಂದೆ ತೆಳು ತಂತಿಯ ಜಾಲರಿ ಇರುವುದಿಲ್ಲ. ಕಲಸುವಾಗಲೇ ಕಾಂಕ್ರೀಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನಾರು ಬೆರೆಸುತ್ತೇವೆ. ಇದರಿಂದ ಬೆಲೆ ಸ್ವಲ್ಪ ಏರಿದೆ. ಹೊಸ ದರಪಟ್ಟಿ ಪತ್ರದ ಜೊತೆಗಿದೆ. ಮುಂಗಡ ಕೊಟ್ಟವರಿಗೆ ಹಳೆಯ ದರವೇ.

ಮಲೆನಾಡಿನ ಕಣ ಏನೆಲ್ಲ ತಾಳಿಕೊಳ್ಳಬೇಕು ಎಂಬುದು ನಿಮಗೆ ಗೊತ್ತು. ಮಳೆಗಾಲವಿಡೀ ನೆನೆದು ಪಾಚಿಗಟ್ಟುತ್ತದೆ, ಕೊಯ್ಲಿನ ದಿನಗಳಲ್ಲಿ ಹಗಲು ಬಿಸಿಲಿಗೆ ಕಾದು ರಾತ್ರಿ ಮಂಜಿಗೆ ತೇವವಾಗುತ್ತದೆ. ಒಳಗೆ ಕಬ್ಬಿಣವಿರುವ ತೆಳು ಚಪ್ಪಡಿಗೆ ಈ ನೆನೆದು ಒಣಗುವ ಸರದಿಯೇ ದೊಡ್ಡ ಶತ್ರು. ಹೊಸ ಕಾಂಕ್ರೀಟಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಮೇಲೆ ಕ್ಷಾರ, ಕೆಳಗೆ ಆಮ್ಲ) 12ಕ್ಕಿಂತ ಹೆಚ್ಚಿರುತ್ತದೆ. ಆ ಕ್ಷಾರಗುಣವೇ ತಂತಿಯನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷ ಕಳೆದಂತೆ ಒಳಗಿಳಿದು ಪಿಎಚ್ ಅನ್ನು 9ರ ಕೆಳಗೆ ತಂದರೆ ಆ ಕಾವಲು ಹೋಗುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಒಳಗಿನಿಂದ ಒತ್ತಿದಾಗ ಮೇಲ್ಮೈ ಚಕ್ಕೆ ಏಳುತ್ತದೆ, ಚಕ್ಕೆ ಎದ್ದ ಕಡೆ ನೀರು ನಿಲ್ಲುತ್ತದೆ, ಒಣಗಲು ಹರಡಿದ ಕಾಫಿಗೆ ಬೂಸ್ಟು ಹಿಡಿಯುತ್ತದೆ.

ಪಾಲಿಪ್ರೊಪಿಲೀನಿಗೆ ತುಕ್ಕಿನ ಭಯವಿಲ್ಲ, ಸಿಮೆಂಟಿನ ಕ್ಷಾರದಿಂದಲೂ ಅದು ಕೆಡುವುದಿಲ್ಲ. 12 ಮಿ.ಮೀ. ಉದ್ದದ, ಕೂದಲಿನಷ್ಟು ಸಣ್ಣ ಎಳೆಗಳು. ಒಂದು ಘನ ಮೀಟರ್ ಕಾಂಕ್ರೀಟಿಗೆ 900 ಗ್ರಾಂ ಹಾಕುತ್ತೇವೆ. ಇವುಗಳ ಮುಖ್ಯ ಕೆಲಸ ಎರಕದ ಮೊದಲ ಕೆಲವು ಗಂಟೆಗಳದ್ದು: ಹಸಿ ಕಾಂಕ್ರೀಟಿನ ನೀರಾರಿ ಮೈ ಕುಗ್ಗುವಾಗ ಬೀಳುವ ಕೂದಲೆಳೆ ಬಿರುಕುಗಳನ್ನು ತಡೆಯುವುದು. ಮುಂದೆ ಮಳೆನೀರು ಒಳಹೊಗುವುದು ಆ ಬಿರುಕುಗಳಿಂದಲೇ.

ಅರಸೀಕೆರೆಯ ತೆಂಗಿನ ನಾರನ್ನೇ ಏಕೆ ಬಳಸಬಾರದು ಎಂದು ಹಲವರು ಕೇಳಿದ್ದೀರಿ. ಪಕ್ಕದ ಜಿಲ್ಲೆಯ ಬೆಳೆಗಾರರ ಮಾಲು ಬಳಸುವ ಆಸೆ ನಮಗೂ ಇದೆ. ಆದರೆ ತೆಂಗಿನ ನಾರಿಗೆ ಗಟ್ಟಿತನ ಕೊಡುವ ಲಿಗ್ನಿನ್ ಸಿಮೆಂಟಿನ ಕ್ಷಾರದಲ್ಲಿ ಕ್ರಮೇಣ ಕರಗುತ್ತದೆ. ನಾರು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಕಾಂಕ್ರೀಟಿನ ಹಿಡಿತ ಬಿಡುತ್ತದೆ. ಸಾಮಾನ್ಯ ಗಾಜಿನ ನಾರನ್ನೂ ಕ್ಷಾರ ತಿನ್ನುತ್ತದೆ. ಜಿರ್ಕೋನಿಯಾ ಬೆರೆತ ಗಾಜು ಹೆಚ್ಚು ಬಾಳುತ್ತದೆ, ಆದರೆ ದುಬಾರಿ. ಉಕ್ಕಿನ ನಾರು ಬಲವಾದದ್ದೇ, ಆದರೆ ಮೇಲ್ಮೈಯಲ್ಲಿ ತುಕ್ಕಿನ ಚುಕ್ಕೆ ಬಿಡುತ್ತದೆ. ಬರಿಗಾಲಲ್ಲಿ ಕಾಫಿ ಕೆದಕುವ ಕಣದಲ್ಲಿ ಅದರ ಮೊನೆಗಳು ನಮಗೆ ಬೇಡ.

ನಾರು ಎಲ್ಲವನ್ನೂ ಮಾಡುವುದಿಲ್ಲ. ಇಷ್ಟು ಕಡಿಮೆ ಪ್ರಮಾಣದ ನಾರು ಭಾರ ಹೊರುವ ಕಬ್ಬಿಣಕ್ಕೆ ಬದಲಿಯಲ್ಲ. ಆದ್ದರಿಂದ ಗುಂಡಿಯ ಮುಚ್ಚಳ, ಬೇಲಿ ಕಂಬ, ಟ್ರ್ಯಾಕ್ಟರ್ ಹಾಯುವ ಕಡೆಯ ಚಪ್ಪಡಿಗಳಿಗೆ ಮೊದಲಿನಂತೆ ಕಂಬಿ ಹಾಕಿಯೇ ಕೊಡುತ್ತೇವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರಿನ ತೊಟ್ಟಿಗಂತೂ ಈ ಚಪ್ಪಡಿಗಳನ್ನು ಲೇಪನವಿಲ್ಲದೆ ಬಳಸಲೇಬೇಡಿ. ಹುಳಿತ ಆ ನೀರಿನ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ನಾರು ಉಳಿದೀತು, ಅದನ್ನು ಹಿಡಿದಿಟ್ಟ ಸಿಮೆಂಟ್ ಕರಗುತ್ತದೆ. ಅಲ್ಲಿಗೆ ಆಮ್ಲ ತಡೆಯುವ ಎಪಾಕ್ಸಿ ಲೇಪನ ಬೇಕು.

ನಾರು ಹಾಕಿದ್ದೇವೆಂದು ನೀರುಣಿಸುವ ಕೆಲಸದಲ್ಲಿ ರಿಯಾಯಿತಿ ಇಲ್ಲ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಕಠಿಣ ಪರಿಸರಕ್ಕೆ ಹೇಳುವಂತೆ ನೀರು-ಸಿಮೆಂಟ್ ಅನುಪಾತವನ್ನು 0.45ರ ಒಳಗೆ ಇಡುತ್ತೇವೆ. ಎರಕವಾದ ಮೇಲೆ 14 ದಿನ ತೊಟ್ಟಿಯ ನೀರಿನಲ್ಲಿಟ್ಟು ನಂತರವೇ ಗಾಡಿಗೇರಿಸುತ್ತೇವೆ. ಚಪ್ಪಡಿಯನ್ನು ಕವುಚಿ ಎರಕ ಹೊಯ್ಯುವುದರಿಂದ ಕಾಫಿ ತಾಗುವ ಮುಖ ಅಚ್ಚಿನಷ್ಟೇ ನುಣುಪಾಗಿರುತ್ತದೆ. ಒಂದೆರಡು ಎಳೆ ಕಂಡರೆ ಅದು ಹಿಂಬದಿಯಲ್ಲಿ.

ಉಳಿದಿರುವ ಜಾಲರಿ ಚಪ್ಪಡಿಗಳನ್ನು ಗೋದಾಮಿನ ಒಳನೆಲಕ್ಕೆ ಮಾತ್ರ, ಹಳೆಯ ದರದಲ್ಲಿ ಕೊಡುತ್ತೇವೆ. ಅರೇಬಿಕಾ ಕೊಯ್ಲಿಗೆ ಕಣ ಸಿದ್ಧವಾಗಬೇಕಾದವರು ಸೆಪ್ಟೆಂಬರ್ ಮುಗಿಯುವುದರೊಳಗೆ ಅಳತೆ ತಿಳಿಸಿ. ಕಣದ ಇಳಿಜಾರು ಯಾವ ಕಡೆಗೆ ಎಂಬುದನ್ನೂ ಬರೆಯಿರಿ.

ನಿಮ್ಮ ವಿಶ್ವಾಸಿಗಳು,
ಎರಕದ ಅಂಗಳದ ಪಾಲುದಾರರು