ಅಗ್ನಿಶಾಮಕ ವಾಹನ ಬರುವುದಾದರೂ ಎಲ್ಲಿಂದ?

ಮಾನ್ಯರೇ,

ಮೊನ್ನೆ ನಮ್ಮ ಬೀದಿಯ ತುದಿಯಲ್ಲಿರುವ ಗುಜರಿ ಅಂಗಡಿಗೆ ಬೆಂಕಿ ಬಿತ್ತು. 101ಕ್ಕೆ ಫೋನ್ ಮಾಡಿದೆವು. ಅಗ್ನಿಶಾಮಕ ವಾಹನ ಬೇಗನೇ ಬಂತು, ಆದರೆ ತಿರುವಿನಲ್ಲೇ ನಿಂತುಬಿಟ್ಟಿತು. ಎರಡೂ ಬದಿ ಕಾರುಗಳು. ಸಾವಿರಾರು ಲೀಟರ್ ನೀರು ಹೊತ್ತ ಗಾಡಿ ಹಿಂದೆ ಸರಿಯುವುದೂ ಕಷ್ಟ ಅಲ್ವಾ? ಸಿಬ್ಬಂದಿ ಪೈಪಿಗೆ ಪೈಪು ಜೋಡಿಸುತ್ತಾ ಓಡಿದರು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಅಡ್ಡ ನಿಂತಿದ್ದ ಕಾರುಗಳಲ್ಲಿ ನಮ್ಮನೆಯದೂ ಒಂದು, ಸುಳ್ಳು ಹೇಳುವುದೇಕೆ.

ಇಲಾಖೆಯ ಬಳಿ 90 ಮೀಟರ್ ಎತ್ತರ ಏರುವ ಏಣಿ ಗಾಡಿ ಇದೆ. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ಸತ್ತಿದ್ದನ್ನು ನೆನೆದರೆ ಅದು ಬೇಕಾದದ್ದೇ. ಆದರೆ ಹತ್ತಡಿ ಓಣಿಯಲ್ಲಿ ಅದೇನು ಮಾಡೀತು? ಚಿಕ್ಕಪೇಟೆಯಂಥ ಕಡೆ ಸಣ್ಣ ಗಾಡಿಗಳು, ನೀರಿನ ಮಂಜು ಸಿಡಿಸುವ ಬೈಕುಗಳು ಜಾಸ್ತಿ ಬೇಕು. 108 ಆಂಬುಲೆನ್ಸ್ ಪಾಡೂ ಇದೇ.

ಇಂಥ ವಾಹನಗಳಿಗೆ ದಾರಿ ಬಿಡದೆ ಓಡಿಸುವವರಿಗೆ 10,000 ರೂಪಾಯಿ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಅವಕಾಶವಿದೆ. ನಿಲ್ಲಿಸಿ ಹೋದ ಕಾರಿಗೆ? ಬೀದಿಯ ಒಂದು ಬದಿಯಲ್ಲಾದರೂ ಪಾರ್ಕಿಂಗ್ ನಿಷೇಧಿಸಲಿ. ನಮ್ಮ ಕಾರನ್ನು ನಾನೇ ಮೊದಲು ತೆಗೆಯುತ್ತೇನೆ.

– ಒಬ್ಬ ಓದುಗ, ಬೆಂಗಳೂರು