ಕೈದಿಯೇ ಗಿರಾಕಿಯಾದರೆ

ಮಾನ್ಯ ಸಂಪಾದಕರೇ,

ಜೈಲುಗಳನ್ನು ಖಾಸಗಿ ಕಂಪನಿಗೆ ವಹಿಸಿದರೆ ಖರ್ಚು ಉಳಿಯುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಉಳಿಸುವುದು ಎಲ್ಲಿಂದ? ಜೈಲಿನ ದೊಡ್ಡ ಖರ್ಚೇ ಸಿಬ್ಬಂದಿಯ ಸಂಬಳ. ಹಾಗಾಗಿ ಮೊದಲು ಕತ್ತರಿ ಬೀಳುವುದು ಕಾವಲಿನವರ ಮೇಲೆ.

ಅಮೆರಿಕದ ಐಡಾಹೊ ರಾಜ್ಯದಲ್ಲಿ ಜೈಲು ನಡೆಸುತ್ತಿದ್ದ ಕಂಪನಿ, ಕಾವಲಿಗೆ ಜನರಿಲ್ಲದ ಸಾವಿರಾರು ಗಂಟೆಗಳಿಗೆ ಸುಳ್ಳು ಹಾಜರಿ ಬರೆದದ್ದನ್ನು 2013ರಲ್ಲಿ ತಾನೇ ಒಪ್ಪಿಕೊಂಡಿತು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ಜೈಲನ್ನು 2018ರಲ್ಲಿ ಸರ್ಕಾರವೇ ವಾಪಸ್ ತೆಗೆದುಕೊಳ್ಳಬೇಕಾಯಿತು. ಒಳಗೆ ಹೊಡೆದಾಟ, ಮಾದಕ ವಸ್ತು, ಹೊಲಸು ಅಷ್ಟು ಜಾಸ್ತಿಯಾಗಿತ್ತು.

ನನ್ನನ್ನು ಕಾಡುವುದು ಇನ್ನೊಂದು ವಿಷಯ. ಅಮೆರಿಕದ ಕೆಲವು ಒಪ್ಪಂದಗಳಲ್ಲಿ ಶೇ 80ರಿಂದ 100ರಷ್ಟು ಹಾಸಿಗೆ ತುಂಬಿರಬೇಕು, ಇಲ್ಲದಿದ್ದರೆ ಖಾಲಿ ಹಾಸಿಗೆಗೂ ಸರ್ಕಾರ ದುಡ್ಡು ಕಟ್ಟಬೇಕು ಎಂಬ ಷರತ್ತು ಇತ್ತು. ಅಪರಾಧ ಕಡಿಮೆಯಾದರೆ ದಂಡ! ಇದೆಂಥ ಲೆಕ್ಕ ಸ್ವಾಮಿ? ಹೊರಗೆ ಹೋದವನು ಮತ್ತೆ ಒಳಗೆ ಬರದ ಹಾಗೆ ತಿದ್ದಿ ಕಳಿಸುವ ಮನಸ್ಸು ಇಂಥ ಕಂಪನಿಗೆ ಯಾಕೆ ಬಂದೀತು, ಅಲ್ವಾ?

ಸರ್ಕಾರಿ ಜೈಲುಗಳೇನೂ ಸ್ವರ್ಗವಲ್ಲ, ಗೊತ್ತು. ಅಲ್ಲೂ ಲಂಚವಿದೆ, ನೂಕುನುಗ್ಗಲಿದೆ. ಅಡುಗೆ, ಬಟ್ಟೆ ಒಗೆಯುವ ಕೆಲಸವನ್ನು ಬೇಕಾದರೆ ಗುತ್ತಿಗೆಗೆ ಕೊಡಲಿ, ನನ್ನ ತಕರಾರಿಲ್ಲ. ಬೀಗದ ಕೈ ಮಾತ್ರ ಸರ್ಕಾರದ ಬಳಿಯೇ ಇರಲಿ. ಇಸ್ರೇಲಿನ ಸುಪ್ರೀಂ ಕೋರ್ಟ್ 2009ರಲ್ಲಿ ಖಾಸಗಿ ಜೈಲಿನ ಕಾನೂನನ್ನೇ ರದ್ದು ಮಾಡಿತು. ಲಾಭಕ್ಕಾಗಿ ಮನುಷ್ಯನನ್ನು ಕೂಡಿಹಾಕುವುದು ಅವನ ಘನತೆಗೆ ಧಕ್ಕೆ ಎಂದಿತು. ಅಷ್ಟು ಹೊತ್ತಿಗೆ ಜೈಲಿನ ಕಟ್ಟಡ ಎದ್ದು ನಿಂತಿತ್ತು, ಆದರೂ.

– ಒಬ್ಬ ಓದುಗ